ಎದುರಾಳಿಗಳ ಬ್ಯಾಂಡು, ನಮ್ಮ ಹಾಡು

ಉತ್ತರ ಡಕೋಟ, ಶನಿವಾರ

ತಂಗಿ ವರ್ನಾ,

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಎದುರಾಳಿಗಳ ಊರಿನಲ್ಲಿ ನಡೆದ ಈ ಸೀಸನ್ನಿನ ಕೊನೆಯ ಪಂದ್ಯವನ್ನೂ ಸೋತಿತು, ಒಂದೂ ಗೆಲುವಿಲ್ಲ. ಆಟ ಮುಗಿದ ಮೇಲೆ ಹುಡುಗರು ನಮ್ಮ ಬ್ಯಾಂಡಿನ ಮುಂದೆ ನಿಂತು ಕಾಲೇಜಿನ ಹಾಡು ಹಾಡಬೇಕಲ್ಲ, ಬ್ಯಾಂಡೇ ಇರಲಿಲ್ಲ. ಸೋಲುವವರಿಗೆ ವಾದ್ಯವೇಕೆಂದು ಕಾಲೇಜಿನ ಅಧ್ಯಕ್ಷರು ಬಸ್ಸು ಕೊಡಲಿಲ್ಲವಂತೆ. ಪ್ರವಾಹದ ವರ್ಷವೂ ಬ್ಯಾಂಡನ್ನು ಬಿಟ್ಟು ಹೋದವರಲ್ಲ ನಾವು! ಕೊನೆಯ ವರ್ಷದ ಹುಡುಗರು ಹೆಲ್ಮೆಟ್ ಕಳಚಿ ಮೈದಾನದಲ್ಲೇ ನಿಂತಿದ್ದರು. ಆಗ ಎದುರಾಳಿಗಳ ಬ್ಯಾಂಡಿನ ಹುಡುಗಿಯೊಬ್ಬಳು ಕೂಗಿದಳು: "ಆಡೋಕಂತೂ ಬರಲ್ಲ, ಹಾಡೋಕಾದ್ರೂ ಬರುತ್ತಾ? ನಿಮ್ ಬ್ಯಾಂಡ್ ಬರಲ್ಲ ಅಂತ ಕೇಳಿ ನಿಮ್ ಹಾಡು ಕಲ್ತಿದೀವಿ ಕಣ್ರೋ, ಬನ್ನಿ!" ಅವರು ನುಡಿಸಿದರು, ನಮ್ಮವರು ಅಳುತ್ತಲೇ ಹಾಡಿದರು. ನಾನೂ ಹಾಡಿದೆ. ಗಂಟಲು ಕಟ್ಟಿದೆ, ಜ್ವರವಿಲ್ಲ. ಸೋಮವಾರ ಅಧ್ಯಕ್ಷರನ್ನು ಬೈಯುವಷ್ಟು ದನಿ ಉಳಿದಿದೆ.

ನಿನ್ನಣ್ಣ ಆರ್ವಿಲ್