ವೇಣಿಯ ಹೆಸರಲ್ಲಿ ಕೊಟ್ಟ ಮಾತು

2018, ಮಾರ್ಚ್ 5, ಸೋಮವಾರ. ಮಧ್ಯಾಹ್ನ. ಬೆಳುಗುಪ್ಪ ದಾಟಿ

ನಡಿಗೆಯ ಎರಡನೇ ದಿನ. ಬಲಗಾಲಿನ ಹೆಬ್ಬೆರಳ ಕೆಳಗೆ ಬೊಬ್ಬೆ. ಸೂಜಿ ದಾರ ಹಾಯಿಸಿ, ದಾರವನ್ನು ಒಳಗೇ ಬಿಟ್ಟೆ, ನೀರು ತಾನಾಗಿ ಇಳಿಯಲಿ ಅಂತ. ಹೊನ್ನೂರಪ್ಪನವರು ಹೇಳಿಕೊಟ್ಟ ಉಪಾಯ. ಎಂಟು ವರ್ಷ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಪ್ಯಾಂಟಿಗೆ ಸೈಡ್ ಹೊಲಿದಿದ್ದೇನೆ. ನನ್ನ ಕಾಲನ್ನೇ ಹೊಲಿದದ್ದು ಇವತ್ತೇ.

ಹೊನ್ನೂರಪ್ಪನವರು ತಂಡದ ಹಿರಿಯರು. ಹದಿನಾರು ಸಲ ಶ್ರೀಶೈಲಕ್ಕೆ ನಡೆದವರು. ರಾಯದುರ್ಗದಿಂದ ಹೊರಟ ನಾವು ಯುಗಾದಿಗೆ ಅಲ್ಲಿರಬೇಕು. ಕನ್ನಡದವರಿಗೆ ಅಲ್ಲಿನ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ತವರಿನ ಸೀರೆ ಒಯ್ಯಬೇಕು. ಸೀರೆಯ ಗಂಟು ಬಸಲಿಂಗಮ್ಮನ ತಲೆ ಮೇಲಿದೆ. ಯಾರು ಕೇಳಿದರೂ ಕೊಡುವುದಿಲ್ಲ.

ಬಸಲಿಂಗಮ್ಮ ನಾಗವೇಣಿಯ ತಾಯಿ. ನಾಗವೇಣಿ, ಅಂದರೆ ವೇಣಿ, ಬೆಂಗಳೂರಲ್ಲಿ ನನ್ನ ರೂಮ್‌ಮೇಟ್. ಸತ್ತು ಆರು ತಿಂಗಳು. ಮದುವೆ ಗೊತ್ತಾದರೆ ನಡೆದು ಬರುತ್ತೇನೆ ಅಂತ ಹರಕೆ ಹೊತ್ತಿದ್ದಳು. ಮದುವೆ ಗೊತ್ತಾಯಿತು. ನಡೆಯುವ ಮೊದಲೇ ಹೋದಳು. ಅವಳ ಹರಕೆ ನಾನು ತೀರಿಸುತ್ತೇನೆ ಅಂತ ಬಂದಿದ್ದೇನೆ. ಅವಳ ಮಣ್ಣಿಗೂ ಹೋಗಿರಲಿಲ್ಲ ನಾನು. ಧೈರ್ಯ ಬರಲಿಲ್ಲ.

ಅವಳಿಗೆ ಗೊತ್ತಾಗಿದ್ದ ಹುಡುಗನೂ ತಂಡದಲ್ಲಿದ್ದಾನೆ. ಪ್ರಸಾದ್. ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಮುಖ ಮೊನ್ನೆಯಷ್ಟೇ ನೋಡಿದ್ದು. ಧ್ವನಿ ಮಾತ್ರ... ಇರಲಿ. ಬರೆಯುವುದಿಲ್ಲ.

ಮಾರ್ಚ್ 7, ಬುಧವಾರ. ಸಂಜೆ. ಉರವಕೊಂಡದ ಆಚೆ, ಒಂದು ಶಾಲೆಯ ಜಗಲಿ

ಪ್ರಸಾದ್ ಎಲ್ಲರಿಗಿಂತ ಮುಂದೆ ನಡೆಯುತ್ತಾನೆ. ಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕ್. ದಾರಿ ಕವಲೊಡೆದಲ್ಲಿ ಕಲ್ಲಿನ ಮೇಲೆ ಬಾಣ ಬರೆದು ಹೋಗುತ್ತಾನೆ. ಹಿಂದುಳಿದವಳು ನಾನೊಬ್ಬಳೇ. ಅಂದರೆ ಬಾಣ ನನಗೇ. ಒಂದು ಕಡೆ ಬಾಣದ ಪಕ್ಕ ‘ನೆರಳು ಐತಿ’ ಅಂತ ಬರೆದಿದ್ದ. ಹೋಗಿ ನೋಡಿದರೆ ಬೇವಿನ ಮರ, ಮರದ ಕೆಳಗೆ ಅವನು, ಕೈಯಲ್ಲಿ ಎರಡು ಸೌತೆಕಾಯಿ.

ಕಾಲು ಹೆಂಗೈತ್ರಿ ಅಂತ ಕೇಳಿದ. ಹಂಗೇ ಐತ್ರಿ ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಡಕಶಿರಾ ಹುಡುಗಿ ನಾನು. ನಮ್ಮೂರಲ್ಲಿ ಯಾರು ಮಾತುಮಾತಿಗೂ ರೀ ಅನ್ನುತ್ತಾರೆ? ಇದು ವೇಣಿಯ ಮಾತು. ನನ್ನ ಬಾಯಲ್ಲಿ ಕೂತುಬಿಟ್ಟಿದೆ.

ಮಧ್ಯಾಹ್ನ ಬಸಲಿಂಗಮ್ಮ ಅರೆನಿದ್ದೆಯಲ್ಲಿ ನೀರು ಕೇಳಿದರು. ತಗೋರಿ ಅವ್ವ ಅಂದೆ. ಬೆಚ್ಚಿ ಎದ್ದು ಕೂತರು. ಥೇಟ್ ನಮ್ಮ ವೇಣಿ ಮಾತಾಡಿದಂಗಾತು ಅಂದರು. ಅಳಲಿಲ್ಲ. ನಕ್ಕರು. ಆಗಿನಿಂದ ನನ್ನನ್ನು ವೇಣಿ ಅಂತಲೇ ಕರೆಯುತ್ತಿದ್ದಾರೆ. ಬಾ ವೇಣಿ, ಕೂಡು ವೇಣಿ, ತಿನ್ನು ವೇಣಿ. ನಾನೂ ಹೂಂ ಅನ್ನುತ್ತಿದ್ದೇನೆ. ಬೇಡ ಅನ್ನಬೇಕಿತ್ತು.

ಮಾರ್ಚ್ 9, ಶುಕ್ರವಾರ. ಬೆಳಿಗ್ಗೆ ಎಂಟು. ಗುತ್ತಿ

ಹೊರಡುವಾಗ ಹೊನ್ನೂರಪ್ಪನವರು ದಿನಾ ತಲೆ ಎಣಿಸುತ್ತಾರೆ. ಹದಿನೆಂಟು ಜನ ನಾವು. ಇವತ್ತು ಹತ್ತೊಂಬತ್ತು ಬಂತು. ಮತ್ತೆ ಎಣಿಸಿದರು. ಹತ್ತೊಂಬತ್ತು. ತಮ್ಮನ್ನೇ ಎರಡು ಸಲ ಎಣಿಸಿಕೊಂಡೆ ಅಂತ ನಕ್ಕರು. ಎಲ್ಲರೂ ನಕ್ಕರು. ಬಸಲಿಂಗಮ್ಮ ನಗಲಿಲ್ಲ. ಆಕಿನೂ ಬಂದಾಳ, ನಡೀರಿ ಅಂದರು, ಚಹಾ ಕುಡೀರಿ ಅಂದಷ್ಟು ಸಲೀಸಾಗಿ.

ಅಲ್ಲಿಂದ ಇಲ್ಲಿಯವರೆಗೆ ಹಿಂದೆ ತಿರುಗಿ ನೋಡದೆ ನಡೆದೆ. ಹಿಂದಿನಿಂದ ಚಪ್ಪಲಿ ಸದ್ದು ಬರುತ್ತಲೇ ಇತ್ತು. ಹಿಂದೆ ಯಾರೂ ಇಲ್ಲ ಅಂತ ಗೊತ್ತು. ಕೊನೆಯವಳು ನಾನೇ ಅಲ್ಲವೇ.

ಮಧ್ಯಾಹ್ನ

ಬರೆದುಬಿಡುತ್ತೇನೆ. ಯಾರು ಓದುತ್ತಾರೆ ಇದನ್ನು?

ಫ್ಯಾಕ್ಟರಿ ಒಳಗೆ ಫೋನ್ ಬಿಡುವುದಿಲ್ಲ. ವೇಣಿ ಫೋನನ್ನು ರೂಮಲ್ಲೇ ಇಟ್ಟು ಹೋಗುತ್ತಿದ್ದಳು. ಅವಳ ಲೈನಿಗೆ ದಿನಾ ಓಟಿ, ರಾತ್ರಿವರೆಗೂ ಹೆಚ್ಚಿನ ಕೆಲಸ. ನಾನು ಆರಕ್ಕೆ ರೂಮಲ್ಲಿ. ಪ್ರಸಾದ್ ಏಳಕ್ಕೆ ಫೋನ್ ಮಾಡುತ್ತಿದ್ದ. ಮೊದಲ ಸಲ ಎತ್ತಿ, ಇಲ್ಲ ಅಂದೆ. ವೇಣಿಗೆ ಹೇಳಿದರೆ, ನನ್ನಂಗ ನೀನೇ ಮಾತಾಡಿಬಿಡು, ನನಗ ಸಾಕಾಗಿರ್ತದ ಅಂದಳು. ತಮಾಷೆಗೆ ಅಂದಳು. ನಾನು ಆಡಿಯೇ ಬಿಟ್ಟೆ. ಅವಳ ಹಾಗೆ ಹೌದ್ರಿ, ಯಾಕ್ರಿ, ಬರ್ರಿ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲಾಮೇಲೆ ಏನು ಮಾತಾಡಿದೆ ಅಂತ ಅವಳಿಗೆ ಪೂರ್ತಿ ಹೇಳುವುದನ್ನು ಬಿಟ್ಟೆ. ಆರಕ್ಕೇ ಮುಖ ತೊಳೆದು ಕೂತಿರುತ್ತಿದ್ದೆ. ಫೋನಿನಲ್ಲಿ ಮಾತಾಡಲು ಯಾರಾದರೂ ಮುಖ ತೊಳೆಯುತ್ತಾರಾ? ನಾಚಿಕೆಗೆಟ್ಟವಳು.

ಮಾರ್ಚ್ 12, ಸೋಮವಾರ

ಬನಗಾನಪಲ್ಲಿ ಹಿಂದಾಯಿತು. ಎರಡು ದಿನ ಬರೆಯಲಿಲ್ಲ. ಬರೆದರೆ ಇದನ್ನೇ ಬರೆಯಬೇಕಿತ್ತು.

ಸೆಪ್ಟೆಂಬರಿನಲ್ಲಿ ಅವನು ಫೋನಲ್ಲಿ, ಈ ಭಾನುವಾರ ರಾಯದುರ್ಗಕ್ಕೆ ಬಾ, ಮದುವೆ ಸೀರೆ ತೆಗೆಯೋಣ ಅಂದ. ವೇಣಿಯಾಗಿ ನಾನು ಒಪ್ಪಿಕೊಂಡೆ. ವೇಣಿ ಬಂದು ಬೈದಳು. ಯಾಕ ಒಪ್ಪಿಕೊಂಡಿ, ಭಾನುವಾರ ಡಬಲ್ ಓಟಿ ಐತಿ, ನನಗ ಹೋಗಾಕ ಮನಸ್ಸಿಲ್ಲ ಅಂತ. ನಾನೇ ಫೋನ್ ಮಾಡಿ ಬರಲ್ಲ ಅಂತೀನಿ ಅಂದೆ. ಬ್ಯಾಡ ಅಂದಳು. ‘ನನ್ನ ಹೆಸ್ರಾಗ ಮಾತು ಕೊಟ್ಟಿ. ಈಗ ಹೋಗಲಿಲ್ಲಂದ್ರ ನಾನು ಸುಳ್ಳಿ ಆಗ್ತೀನಿ.’

ಭಾನುವಾರ ಬೆಳಗಿನ ಟೆಂಪೋ ಹತ್ತಿದಳು. ದಾರಿಯಲ್ಲಿ ಲಾರಿಗೆ ಡಿಕ್ಕಿಯಾಯಿತು.

ತಾನು ಕರೆಯದಿದ್ದರೆ ವೇಣಿ ಬದುಕಿರುತ್ತಿದ್ದಳು ಅಂತ ಪ್ರಸಾದ್ ನಿನ್ನೆ ಎಲ್ಲರೆದುರಿಗೆ ಅತ್ತ. ಬಸಲಿಂಗಮ್ಮ ಅವನ ಬೆನ್ನು ಸವರಿ, ಆಕಿಗೆ ನಿನ್ನ ಮ್ಯಾಲೆ ಜೀವ ಇತ್ತು, ಅದಕ್ಕ ಹೂಂ ಅಂದ್ಲು, ಬಂದ್ಲು, ನೀ ಅಳಬ್ಯಾಡಪ್ಪ ಅಂದರು. ಆ ‘ಹೂಂ’ ಹಿಡಿದುಕೊಂಡೇ ಬದುಕಿದ್ದಾರೆ ಆಕೆ. ಮಗಳು ಇಷ್ಟಪಟ್ಟು ಹೊರಟಳು, ಖುಷಿಯಲ್ಲಿ ಹೋದಳು ಅಂತ.

ನಾನು ಪಕ್ಕದಲ್ಲೇ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆ.

ಮಾರ್ಚ್ 14, ಬುಧವಾರ. ಆತ್ಮಕೂರು

ನಾಳೆಯಿಂದ ಕಾಡು. ಊರಿಗೆ ಫೋನ್ ಮಾಡಿದೆ. ನಮ್ಮಮ್ಮ ಚಿತ್ತಮ್ಮ ಎರಡೇ ಮಾತು ಕೇಳಿದಳು. ಆಮೇಲೆ, ಇದ್ಯಾಕೆ ಹಿಂಗೆ ಮಾತಾಡ್ತಿದೀಯ, ಯಾರ ಮಗಳೇ ನೀನು ಅಂದಳು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಬೇಕು ಅಂತ ಬೇಗ ಇಟ್ಟಳು. ನನಗೆ ಹೆದರಿಕೊಂಡಳೋ ಏನೋ.

ಸಂಜೆ ಬಸಲಿಂಗಮ್ಮ ನನ್ನನ್ನೂ ಪ್ರಸಾದನನ್ನೂ ಎದುರಿಗೆ ಕೂರಿಸಿಕೊಂಡರು. ಸುತ್ತಿ ಬಳಸಿ ಮಾತಾಡುವವರಲ್ಲ.

‘ಹತ್ತು ದಿನದಿಂದ ನೋಡಾಕತ್ತೀನಿ. ನೀವಿಬ್ರೂ ಮದುವಿ ಆಗ್ರಿ. ವೇಣಿ ಹೋಗಬೇಕಿದ್ದ ಮನಿಗೆ ಈ ವೇಣಿ ಹೋಗ್ಲಿ. ಈಕಿ ಅಪ್ಪನ ಕೂಡ ನಾನು ಮಾತಾಡ್ತೀನಿ. ಮಲ್ಲಯ್ಯನ ಮುಂದ ಎಲಿ ಅಡಿಕಿ ಬದಲಾಯಿಸೂಣು.’

ಪ್ರಸಾದ್ ತಲೆ ತಗ್ಗಿಸಿದ. ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಜಾತಿ ಬೇರೆ, ಅಪ್ಪ ದೊಡ್ಡರಂಗಪ್ಪ ಒಪ್ಪುವುದು ಕಷ್ಟ. ಆದರೆ ನನ್ನ ಭಯ ಅದಲ್ಲ. ಅವನು ಬೇಕು ನನಗೆ. ಸೌತೆಕಾಯಿ ದಿನದಿಂದಲ್ಲ, ಫೋನಿನ ದಿನದಿಂದಲೇ ಬೇಕು. ಹೇಳಿದರೆ ಅವನೂ ಹೋಗುತ್ತಾನೆ, ಈ ಅಮ್ಮನೂ ಹೋಗುತ್ತಾರೆ. ಹೇಳದಿದ್ದರೆ ವೇಣಿ ಎಲ್ಲಿಗೂ ಹೋಗುವುದಿಲ್ಲ.

ಮಾರ್ಚ್ 16, ಶುಕ್ರವಾರ. ಪೆದ್ದಚೆರುವು

ನಲ್ಲಮಲ ಕಾಡಿನ ನಡುವೆ ಒಂದು ಕೆರೆ. ಸಾವಿರಾರು ಜನ, ಎಲ್ಲ ಕಡೆ ಕನ್ನಡ. ಒಲೆಗಳ ಹೊಗೆ. ಪ್ರಸಾದ್ ಕ್ಯಾನಿಗೆ ನೀರು ತುಂಬುತ್ತಿದ್ದ. ಹೋಗಿ ನಿಂತೆ. ನಿಂತ ಮೇಲೆ ಯೋಚಿಸಲಿಲ್ಲ. ವೇಣಿಯ ಮಾತಿನಲ್ಲಲ್ಲ, ನನ್ನ ಮಾತಿನಲ್ಲೇ ಹೇಳಿದೆ.

‘ಆವತ್ತು ಫೋನ್ನಾಗೆ ಬತ್ತೀನಿ ಅಂದೋಳು ವೇಣಿ ಅಲ್ಲ. ನಾನು.’

ಕ್ಯಾನು ತುಂಬಿ ಹರಿಯುತ್ತಿತ್ತು. ಅವನು ಮುಚ್ಚಳ ಹಾಕಿದ.

‘ಗೊತ್ತೈತಿ.’

‘ಏನು ಗೊತ್ತೈತೆ?’

‘ಬತ್ತೀನಿ ಬುಡು ಅಂದಿ. ನಮ್ಮ ಕಡೆ ಯಾರಂತಾರ ಹಂಗ? ರೀ ಅನ್ನೋದನ್ನೂ ಮರೆತಿದ್ದಿ ಅವತ್ತು. ಅದಕ್ಕೂ ಮೊದಲೇ ಗೊತ್ತಿತ್ತು. ವೇಣಿ ನನ್ನ ಕೂಡ ನಗ್ತಿದ್ದಿಲ್ಲ.’

ಗೊತ್ತಿದ್ದೂ ಯಾಕೆ ಕರೆದೆ ಅಂತ ಕೇಳಿದೆ. ಕ್ಯಾನನ್ನು ಎತ್ತಿ ದಂಡೆಯ ಮೇಲಿಟ್ಟ.

‘ನಿನ್ನ ಬಾಯಾಗ ಹೂಂ ಅನಿಸ್ಕೋಬೇಕಿತ್ತು. ಆಕಿ ಖರೇನ ಬರ್ತಾಳ ಅಂತ ಅಂದ್ಕೊಂಡಿರಲಿಲ್ಲ.’

ಮೊದಲು ಸಂತೋಷವಾಯಿತು. ಇಲ್ಲಿ ಸುಳ್ಳು ಬರೆದು ಏನು ಮಾಡಲಿ. ಎದೆ ತುಂಬಿ ಬಂತು. ಅವನಿಗೆ ಬೇಕಾದದ್ದು ನಾನೇ, ಮೊದಲಿನಿಂದಲೂ ನಾನೇ. ಆಮೇಲೆ ವೇಣಿಯ ನೆನಪಾಗಿ, ಕೆರೆ ದಂಡೆಗೆ ಹೋಗಿ ಮುಖ ತೊಳೆದೆ. ಇಬ್ಬರೂ ಆಟ ಆಡಿದೆವು. ಆಟಕ್ಕೆ ಸೇರದವಳು ಟೆಂಪೋ ಹತ್ತಿದಳು.

ಅವ್ವಗ ಹೇಳಬ್ಯಾಡ, ಹೇಳಿದ್ರ ವೇಣಿ ಬರ್ತಾಳೇನು ಅಂದ. ಬರಲ್ಲ, ಆದರೆ ಹೋಗಲೂ ಒಲ್ಲಳು ಅಂದೆ. ಅವನಿಗೆ ಅರ್ಥವಾಗಲಿಲ್ಲ. ಹೇಳುವಾಗ ಇಬ್ಬರೂ ಸೇರಿ ಹೇಳೋಣ ಅಂದೆ. ಕೊನೆಗೆ ತಲೆಯಾಡಿಸಿದ.

ಮಾರ್ಚ್ 18, ಭಾನುವಾರ. ಯುಗಾದಿ. ಶ್ರೀಶೈಲ

ನಿನ್ನೆ ಭೀಮುನಿಕೊಳನು ಅನ್ನುವ ಕಣಿವೆ ಇಳಿದು, ಹತ್ತಿ, ಸಂಜೆಗೆ ಬಂದು ಮುಟ್ಟಿದೆವು. ಕೊನೆಯ ಮೆಟ್ಟಿಲುಗಳನ್ನು ಬಸಲಿಂಗಮ್ಮನ ಕೈ ಹಿಡಿದು ಹತ್ತಿಸಿದೆ. ಕೈ ಬೆಚ್ಚಗಿತ್ತು.

ಬೆಳಿಗ್ಗೆ ಸ್ನಾನ ಮುಗಿಸಿ ಆಕೆ ಗಂಟು ಬಿಚ್ಚಿದರು. ಹಸಿರು ಸೀರೆ, ಅರಿಶಿನ, ಬಳೆ, ಬೆಲ್ಲ. ಇನ್ನೊಂದು ಕಡೆ ಎಲೆ ಅಡಿಕೆ. ಅದು ನಮಗೆ. ಪ್ರಸಾದ್ ನನ್ನ ಪಕ್ಕದಲ್ಲಿದ್ದ. ಅವನನ್ನು ನೋಡಿದೆ. ಅವನು ಗೋಪುರ ನೋಡುತ್ತಿದ್ದ.

ನಾನೇ ಹೇಳಿದೆ. ಫೋನ್, ಭಾನುವಾರ, ವೇಣಿಗೆ ಮನಸ್ಸಿರಲಿಲ್ಲ ಅನ್ನುವುದು, ಎಲ್ಲ. ನನ್ನ ಪಾಲಿನದು ಪೂರ್ತಿ ಹೇಳಿದೆ. ಅವನ ಪಾಲಿನದನ್ನು ಅವನಿಗೆ ಬಿಟ್ಟೆ.

ಬಸಲಿಂಗಮ್ಮ ಬಳೆಗಳನ್ನು ಒಂದೊಂದಾಗಿ ಸೀರೆಯ ಮೇಲೆ ಇಡುತ್ತಲೇ ಇದ್ದರು. ಮುಗಿದ ಮೇಲೆ ಅವನ ಕಡೆ ತಿರುಗಿದರು.

‘ನಿನಗಿದು ಗೊತ್ತಿತ್ತೇನಪ್ಪ?’

‘ಇಲ್ಲವ್ವ. ಈಗ ಗೊತ್ತಾತು’ ಅಂದ ಪ್ರಸಾದ್.

ಬಾಯಿ ತೆರೆದೆ. ಮಾತು ಬರಲಿಲ್ಲ. ಬರಲಿಲ್ಲವೋ, ನಾನೇ ತಡೆದೆನೋ.

ಬಸಲಿಂಗಮ್ಮ ಗಂಟು ಎತ್ತಿಕೊಂಡು ಎದ್ದರು. ನಾನು ಅವರ ಕಾಲ ಹತ್ತಿರ ಕೂತೇ ಇದ್ದೆ.

‘ಏಳ್ರಿ. ಜನ ನೋಡ್ತಾರ. ಮಲ್ಲಯ್ಯನ ಮುಂದ ಅಂತ ಬಾಯಿಂದ ಆಡೀನಿ, ಎಲಿ ಅಡಿಕಿ ಬದಲಾಯಿಸೂದು ಆಗ್ತದ. ಏಳ್ರಿ ಹೇಮಶ್ರೀ.’

ಹನ್ನೊಂದು ದಿನದಲ್ಲಿ ಮೊದಲ ಸಲ ನನ್ನ ಹೆಸರು ಹಿಡಿದರು. ನನ್ನ ಹೆಸರೇ, ನಾನೇ. ಆ ರೀ ಒಂದು ಇಲ್ಲದಿದ್ದರೆ ಬೈದರು ಅಂತಾದರೂ ಅಂದುಕೊಳ್ಳಬಹುದಿತ್ತು.

ಎಲೆ ಅಡಿಕೆ ತಗೊಂಡೆ. ಅಷ್ಟಾದ ಮೇಲೂ ಯಾಕೆ ತಗೊಂಡೆ? ಬೇಕಿತ್ತು. ಅಷ್ಟೇ.

ಏಪ್ರಿಲ್ 29, ಭಾನುವಾರ. ರಾಯದುರ್ಗ

ಮದುವೆ ಆಯಿತು. ಅಪ್ಪ ಬಂದ, ಊಟ ಮಾಡಲಿಲ್ಲ. ಅಮ್ಮ ಅತ್ತಳು, ಆಮೇಲೆ ಬಡಿಸಲು ನಿಂತಳು. ಬಸಲಿಂಗಮ್ಮ ತಾಯಿ ಮಾಡಬೇಕಾದದ್ದನ್ನೆಲ್ಲ ಮುಂದೆ ನಿಂತು ಮಾಡಿದರು. ಒಂದಕ್ಕೂ ಕುಂದಿಲ್ಲ. ನಿಲ್ರಿ, ಕುಂದ್ರಿ, ಕೈ ಚಾಚ್ರಿ ಅಂದರು. ನೋಡಿದವರು, ಎಷ್ಟು ಮರ್ಯಾದೆ ಕೊಡುತ್ತಾರೆ ನಿನಗೆ ಅಂದರು.

ಜೂನ್ 24, ಭಾನುವಾರ. ಸಂಜೆ ಐದೂವರೆ

ಪ್ರಸಾದ್ ಒಳ್ಳೆಯ ಗಂಡ. ಅದನ್ನೂ ಬರೆಯಬೇಕು. ಬೆಳಿಗ್ಗೆ ನನಗಿಂತ ಮೊದಲೇ ಎದ್ದು ನೀರು ಹಿಡಿಯುತ್ತಾನೆ. ನಗಿಸುತ್ತಾನೆ. ನಕ್ಕಾಗಲೆಲ್ಲ ಮನೆಯಲ್ಲಿ ಇನ್ನೊಬ್ಬರಿಗೆ ಕೇಳಿಸಿತೇನೋ ಅನ್ನಿಸಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಮೊನ್ನೆ ಅನ್ನ ಬಡಿಸುವಾಗ ಮೂರು ತಟ್ಟೆ ಇಟ್ಟಿದ್ದೆ. ಅವನು ಏನೂ ಕೇಳದೆ ಒಂದನ್ನು ಎತ್ತಿಟ್ಟ.

ಅವ್ವಗೆ ನಿನ್ನ ಪಾಲಿಂದು ಹೇಳು ಅಂತ ವಾರಕ್ಕೊಮ್ಮೆ ಕೇಳುತ್ತೇನೆ. ಹೇಳೋಣ ಅನ್ನುತ್ತಾನೆ. ಹಬ್ಬ ಆಗಲಿ, ಆಷಾಢ ಆಗಲಿ.

ಇವತ್ತು ಬಸಲಿಂಗಮ್ಮ ಬಂದಿದ್ದಾರೆ. ಅಡುಗೆಮನೆಯಲ್ಲಿ ಅವನಿಗೆ ಇಷ್ಟ ಅಂತ ಹೋಳಿಗೆ ಮಾಡುತ್ತಿದ್ದಾರೆ. ನಾನು ಕೈ ಹಾಕಲು ಹೋದರೆ, ಇರ್ರಿ, ನೀವು ಸುಮ್ಮನ ಕುಂದ್ರಿ ಅಂದರು. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ. ಸೊಂಟ ಬಗ್ಗಿದೆ ಆಕೆಗೆ. ಮಗಳಿಗೆ ಇಷ್ಟವೇ ಇರಲಿಲ್ಲ ಅನ್ನುವುದನ್ನು ನಾನು ಹೇಳಿಬಿಟ್ಟೆ. ಈಗ ಉಳಿದಿರುವವನು ಇವನೊಬ್ಬ. ಇವನನ್ನೂ ಕಿತ್ತುಕೊಂಡರೆ ಆಕೆಗೆ ಏನುಳಿಯಿತು? ಕಿತ್ತುಕೊಳ್ಳದಿದ್ದರೆ ನಾನು ಈ ಮನೆಯಲ್ಲಿ ಹೇಗೆ ಇರಲಿ?

ಗಾಡಿ ನಿಂತಿತು. ಅವನೇ. ಆಕೆ ಒಳಗಿನಿಂದಲೇ ಕೂಗಿದರು. ಬಾರಪ್ಪ ಪ್ರಸಾದ, ಬಿಸಿ ಐತಿ, ತಿನ್ನು ಬಾ ಅಂತ. ಬಾ. ತಿನ್ನು. ಎಷ್ಟು ಸಲೀಸಾಗಿ.

ಬಾಗಿಲಲ್ಲಿ ನಿಂತಿದ್ದಾನೆ. ಪುಸ್ತಕ ನೋಡಿದ, ನನ್ನನ್ನು ನೋಡಿದ. ಇವತ್ತು ಅಂದೆ. ಬಾಯಿಬಿಟ್ಟೇ ಅಂದೆ, ಅಡುಗೆಮನೆಗೆ ಕೇಳುವಷ್ಟು. ಇವತ್ತು ಹೇಳದಿದ್ದರೆ ನಾನೇ—

ಆಕೆ ತಟ್ಟೆ ಹಿಡಿದು ಹೊರಗೆ ಬಂದರು. ಏನು ಹೇಳೋದೈತ್ರಿ ಅಂತ ನನ್ನನ್ನೇ ಕೇಳುತ್ತಿದ್ದಾರೆ. ಅವನು ಮತ್ತೆ ಎಲ್ಲೋ ಮೇಲೆ ನೋಡುತ್ತಿದ್ದಾನೆ, ಆವತ್ತು ಗೋಪುರ ನೋಡಿದ ಹಾಗೆ. ಪುಸ್ತಕ ಮುಚ್ಚುತ್ತೇನೆ, ನಾನೇ ಹೇಳಬೇಕು.