ತಾಯಿ ಬೇರೆ ಮಲಗಿದರೆ ಮಗುವಿಗೆ ನೆರವು

ಶಾಸನಸಭೆಯ ಕಲ್ಯಾಣ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬಡ ತಾಯಂದಿರಿಗೆ ಸಿಗುವ ಸರ್ಕಾರಿ ನೆರವನ್ನು ಇಡೀ ಜೀವಮಾನದಲ್ಲಿ ಎರಡೇ ವರ್ಷಕ್ಕೆ ಮೊಟಕುಗೊಳಿಸಿದ ನಿಮ್ಮ ಕಾಯ್ದೆ, ನನ್ನ ತಂಗಿ ಡಾರ್ಲಾಳನ್ನು ಅವಳ ಮಗಳಿಂದ ಬೇರೆ ಮಾಡಿತು. ಇದನ್ನು ನಿಮ್ಮ ಕಚೇರಿಗೆ ವಿನಯದಿಂದ ತಿಳಿಸಿ ಸೋತಿದ್ದೇನೆ. ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತೇನೆ.

ಡಾರ್ಲಾ ಸೋಮಾರಿಯಲ್ಲ. ಒಹಾಯೋ ನದಿ ದಡದ ನಮ್ಮೂರಿನ ವೃದ್ಧಾಶ್ರಮದಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಮಗಳು ಜೂನಿಗೆ ಮೂರ್ಛೆರೋಗ. ಶಾಲೆಯಿಂದ ಫೋನ್ ಬಂದಾಗಲೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದಳು. ಓಡಿದ್ದಕ್ಕೇ ಕೆಲಸ ಹೋಯಿತು. ಆಮೇಲೆ ಸಿಕ್ಕ ಕೆಲಸಗಳೂ ಹಾಗೇ ಹೋದವು. ಮೂರ್ಛೆರೋಗವೂ ಎರಡು ವರ್ಷದಲ್ಲಿ ಮುಗಿಯತಕ್ಕದ್ದು ಎಂದು ನೀವು ಆದೇಶಿಸಿರಬಹುದು. ಆ ಆದೇಶ ಜೂನಿಯ ಮೆದುಳಿಗೆ ಇನ್ನೂ ತಲುಪಿಲ್ಲ.

ಅವಳ ನೆರವಿನ ಗಡುವು ಮುಗಿದಾಗ ನಾನೂ ಅವಳ ಜೊತೆ ಊರಿನ ಕಲ್ಯಾಣ ಕಚೇರಿಗೆ ಹೋಗಿದ್ದೆ. ಅಲ್ಲಿನ ಹೆಂಗಸು ದನಿ ತಗ್ಗಿಸಿ ಹೇಳಿದಳು: "ನೋಡಮ್ಮ, ನೀನು ಜೊತೆಗಿದ್ರೆ ಮಗೂಗೂ ಏನೂ ಬರಲ್ಲ. ನಿಮ್ಮಕ್ಕನ ಮನೇಲಿ, ನೀನಿಲ್ದೆ ಬೆಳೆದ್ರೆ ಮಗು ಹೆಸರಲ್ಲಿ ಬರುತ್ತೆ. ಅದಕ್ಕೆ ಗಡುವಿಲ್ಲ."

"ಅಂದ್ರೆ ನಾನು ಸತ್ರೆ ವಾಸಿ ಅಂತೀರಾ?" ಎಂದಳು ಡಾರ್ಲಾ.

"ಸಾಯೋದೇನೂ ಬೇಡ. ಬೇರೆ ಇದ್ರೆ ಸಾಕು."

ಪ್ರತಿ ಚುನಾವಣೆಯಲ್ಲೂ ಕುಟುಂಬದ ಪಾವಿತ್ರ್ಯದ ಬಗ್ಗೆ ಗದ್ಗದಿತರಾಗುವವರು ನೀವೇ ಅಲ್ಲವೇ? ತಾಯಿಯನ್ನು ಕಳೆದರೆ ಮಾತ್ರ ಪವಿತ್ರವಾಗುವ ಆ ಕುಟುಂಬ ಯಾವುದು?

ಜೂನಿ ನನ್ನ ಮನೆಗೆ ಬಂದಳು. ಡಾರ್ಲಾ ದಿನಸಿ ಅಂಗಡಿಯ ಹಿಂದೆ ತನ್ನ ಹಳೇ ಕಾರಿನಲ್ಲಿ ಮಲಗತೊಡಗಿದಳು. ಬೆಳಗ್ಗೆ ಬಂದು ಮಗಳಿಗೆ ಮಾತ್ರೆ ಕೊಟ್ಟು, ತಲೆ ಬಾಚಿ, ಶಾಲೆಯ ಬಸ್ಸು ಹತ್ತಿಸುವಳು. ಹಿಮ ಬೀಳತೊಡಗಿದಾಗ, "ಒಳಗೇ ಮಲಗೇ, ಯಾರು ನೋಡ್ತಾರೆ?" ಎಂದೆ. "ನೋಡಿದ್ರೆ ಜೂನಿ ಹೊಟ್ಟೆ ಮೇಲೆ ಹೊಡೀತಾರಕ್ಕ" ಎಂದಳು.

ಜನವರಿಯ ಒಂದು ಬೆಳಗ್ಗೆ ನಿಮ್ಮ ತನಿಖಾಧಿಕಾರಿ ಬಾಗಿಲು ತಟ್ಟಿದ. ಡಾರ್ಲಾ ಬಾಚಣಿಗೆ ಹಿಡಿದೇ ಬಚ್ಚಲಮನೆ ಸೇರಿದಳು. ಆತ ಅರ್ಧ ಹೆಣೆದ ಜಡೆಯ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಮ್ಮ ರಾತ್ರಿ ಇಲ್ಲೇ ಮಲಗ್ತಾರಾ ಪುಟ್ಟಿ?" ಎಂದ.

ಜೂನಿ ನನ್ನ ಮುಖ ನೋಡಿದಳು. "ನಂಗೆ ಅಮ್ಮ ಇಲ್ಲ" ಎಂದಳು.

ನಿಮ್ಮ ಅಧಿಕಾರಿಗೆ ತೃಪ್ತಿಯಾಯಿತು. "ಎಲ್ಲಾ ಸರಿಯಾಗಿದೆ" ಎಂದು ಹೇಳಿ ಹೋದ. ಡಾರ್ಲಾ ಹೊರಗೆ ಬಂದು ಉಳಿದ ಜಡೆ ಹೆಣೆಯತೊಡಗಿದಳು.

"ಸರಿಯಾಗಿ ಹೇಳಿದ್ನಾ ಅಮ್ಮ?"

"ಸರಿಯಾಗೇ ಹೇಳ್ದೆ ಕಂದ."

ಆ ದಿನವೇ ನಾನು ಕಚೇರಿಗೆ ಫೋನ್ ಮಾಡಿ, ತಾಯಿ ನನ್ನ ಮನೆಯಲ್ಲೇ ಇರುತ್ತಾಳೆ, ನಿಮ್ಮ ಹಣ ನಿಲ್ಲಿಸಿ ಎಂದೆ. ಡಾರ್ಲಾ ಜಗಳಕ್ಕೇ ನಿಂತಳು.

"ನಿಂಗೇನು ಹುಚ್ಚಾ? ಏನ್ ತಿನ್ನೋಣ?"

"ಬೀನ್ಸು, ಜೋಳದ ಬ್ರೆಡ್ಡು."

"ನೀನು ಮಾಡಿದ ಬೀನ್ಸಾ? ಅದಕ್ಕಿಂತ ಕಾರೇ ವಾಸಿ" ಎಂದವಳು ನಗಲು ಹೋಗಿ ಅತ್ತುಬಿಟ್ಟಳು.

ಶಾಲೆಯ ಅಡುಗೆಮನೆಯ ನನ್ನ ಸಂಬಳದಲ್ಲಿ ಈಗ ಮೂವರೂ ಇದ್ದೇವೆ. ಒಂದೇ ಕೋಣೆ ಬೆಚ್ಚಗಿರುತ್ತದೆ. ಎಲ್ಲರೂ ಅಲ್ಲೇ ಮಲಗುತ್ತೇವೆ. ಇದನ್ನೆಲ್ಲ ಹೇಳಲು ನಿಮ್ಮ ಸಾರ್ವಜನಿಕ ಸಭೆಗೂ ಬಂದಿದ್ದೆ. ಗಡುವಿಲ್ಲದಿದ್ದರೆ ಜನ ಬಿಟ್ಟಿ ಅನ್ನಕ್ಕೆ ಒಗ್ಗಿಹೋಗುತ್ತಾರೆ ಎಂದು ನೀವು ನಗುತ್ತಾ ಅಂದಿರಿ. ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ಅದೇ ಕುರ್ಚಿಯಲ್ಲಿ ಕೂತು ಸರ್ಕಾರಿ ಸಂಬಳ ಉಣ್ಣುತ್ತಿರುವ ನಿಮಗೆ ಒಗ್ಗಿಹೋಗುವುದು ಏನೆಂದು ಚೆನ್ನಾಗಿಯೇ ಗೊತ್ತಿರಬೇಕು.

ಈ ಗಡುವನ್ನು ರದ್ದುಮಾಡಿ. ಇದು ಬೇಡಿಕೆ, ಬೇಡುವಿಕೆಯಲ್ಲ. ರದ್ದುಮಾಡಲಾಗದಿದ್ದರೆ ಒಮ್ಮೆ ನಮ್ಮ ಮನೆಗೆ ಬನ್ನಿ. ಮೊದಲು ಬಾಗಿಲು ತಟ್ಟಿ, ಸ್ವಲ್ಪ ಕಾಯಿರಿ. ಯಾರೇ ತಟ್ಟಿದರೂ ಜೂನಿ ಇವತ್ತಿಗೂ ಎದ್ದು, ಎರಡೂ ಕೈಯಿಂದ ಅಮ್ಮನನ್ನು ಬಚ್ಚಲಮನೆಗೆ ತಳ್ಳುತ್ತಾಳೆ.

ಇಂತಿ,
ಸರ್ಕಾರದ ಲೆಕ್ಕದಲ್ಲಿ ತಾಯಿಗಿಂತ ಮೇಲಾದ ದೊಡ್ಡಮ್ಮ,
ವರ್ನಾ ಪಿಕೆಟ್