ನೀಲಿ ಚಿಂದಿಯ ದಿನಗಳು

ಅಬ್ಬಾ,

ನೀವು ಹೋಗಿ ಎಂಟು ತಿಂಗಳಾದವು. ನಿಮ್ಮೆದುರು ನಿಂತು ಹೇಳಲಾಗದ ಒಂದು ಮಾತನ್ನು ಈಗ ಬರೆಯುತ್ತಿದ್ದೇನೆ. ನಿಮಗೆ ಓದಲು ಬಾರದು. ಅಲ್ಲಿ ಯಾರಾದರೂ ಓದಿ ಹೇಳಿಯಾರು, ಅಲ್ಲವೇ?

ಎಪ್ಪತ್ಮೂರರಲ್ಲಿ, ನನಗೆ ಹನ್ನೊಂದು ವರ್ಷವಿದ್ದಾಗ, ವಿಜಾಪುರದ ಡಾಕ್ಟರು ಸಕ್ಕರೆ ಕಾಯಿಲೆ ಎಂದಾಗ ನೀವು ನಕ್ಕುಬಿಟ್ಟಿರಿ. "ಸಣ್ಣ ಹುಡುಗಿಗೆ ಹೆಂಗ ಬರ್ತೈತ್ರಿ ಅದು?" ಆಮೇಲೆ ನಮ್ಮೂರು ತಿಕೋಟೆಯಲ್ಲಿ ಬಸ್ಸು ಇಳಿಯುವವರೆಗೂ ನನ್ನ ಕೈ ಬಿಡಲಿಲ್ಲ. ನಿಮ್ಮ ಹೊಲಿಗೆ ಅಂಗಡಿಯೇ ನನ್ನ ದವಾಖಾನೆಯಾಯಿತು. ಇನ್ಸುಲಿನ್ ಬಾಟಲಿ ನೀರಿನ ಮಡಕೆಯ ತಂಪಿನಲ್ಲಿ, ಗಾಜಿನ ಸಿರಿಂಜು ಕುದಿಯುವ ನೀರಿನಲ್ಲಿ. ಊರಿಗೆಲ್ಲ ಅಂಗಿ ಹೊಲಿಯುವ ನೀವು ನನಗೆ ಸೂಜಿ ಚುಚ್ಚುವ ಮುನ್ನ ಮಾತ್ರ ಮೂರು ಸಲ ಬಿಸ್ಮಿಲ್ಲಾ ಹೇಳುತ್ತಿದ್ದಿರಿ.

ಮುಂಜಾನೆ ನೀಲಿ ಔಷಧಕ್ಕೆ ನಾಲ್ಕು ಹನಿ ಮೂತ್ರ ಬೆರೆಸಿ ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದಿರಿ. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಇಟ್ಟಿಗೆ ಕೆಂಪಿಗೆ ತಿರುಗಿದಷ್ಟೂ ಜಾಸ್ತಿ. ಬರೆದಿಡಿ ಎಂದಿದ್ದರು ಡಾಕ್ಟರು. ನೀವು ಆ ಬಣ್ಣದ ಚಿಂದಿ ಹುಡುಕಿ, ದಿನಕ್ಕೊಂದರಂತೆ ಉದ್ದನೆಯ ಪಟ್ಟಿಗೆ ಹೊಲಿದಿರಿ. ಅದನ್ನು ಮೇಜಿನ ಮೇಲೆ ಬಿಚ್ಚಿದಾಗ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಅಂದೇ ಅಲ್ಲವೇ ಅವರು ವಿಟಮಿನ್ ಗುಳಿಗೆ ಕೊಟ್ಟಿದ್ದು? "ಮೈಯಾಗ ಇನ್ನೂ ಚೂರು ಇನ್ಸುಲಿನ್ ಹುಟ್ಟತಿರಬಹುದು. ಇದು ಅದನ್ನ ಉಳಸ್ತೈತೋ ಇಲ್ಲೋ, ನನಗೂ ಖಾತ್ರಿ ಇಲ್ಲ. ಇಂಜೆಕ್ಷನ್ ಮಾತ್ರ ಬಿಡಬ್ಯಾಡ್ರಿ." ಅನುಮಾನವನ್ನು ಅಲ್ಲೇ ಬಿಟ್ಟು, ಆಸೆಯನ್ನಷ್ಟೇ ನೀವು ಊರಿಗೆ ತಂದಿರಿ.

ಆ ಬೇಸಿಗೆಯಲ್ಲಿ ಪಟ್ಟಿ ನೀಲಿಯಾಗುತ್ತ ಹೋಯಿತು. ಡಾಕ್ಟರು ಇನ್ಸುಲಿನ್ ಇಳಿಸಿದರು. ಮಧ್ಯಾಹ್ನ ಮಿಷನ್ನಿನ ಸದ್ದಿಗೆ ನಾನು ಬಟ್ಟೆ ರಾಶಿಯ ಮೇಲೆ ತೂಕಡಿಸುತ್ತಿದ್ದೆ. ಕಣ್ಣು ಬಿಟ್ಟಾಗಲೆಲ್ಲ ಎಚ್ಚರವೋ ಕನಸೋ ತಿಳಿಯದ ನೀಲಿ, ಅದರ ನಡುವೆ ಏನೋ ಗುನುಗುತ್ತಿದ್ದ ನೀವು. ಅಷ್ಟು ಸುಖವಾಗಿ ನಿಮ್ಮನ್ನು ಮತ್ತೆಂದೂ ನೋಡಲಿಲ್ಲ.

ರಂಜಾನ್ ಹಬ್ಬದ ಬಟ್ಟೆಗಳ ಗಡಿಬಿಡಿಯಲ್ಲಿ ಗುಳಿಗೆ ಮುಗಿದದ್ದು ನೆನಪಿದೆಯೇ? ಹದಿನೈದು ದಿನ ನಿಮಗೆ ವಿಜಾಪುರಕ್ಕೆ ಹೋಗಲಾಗಲಿಲ್ಲ. ಅಷ್ಟರಲ್ಲೇ ಹಸಿರು, ಹಳದಿ, ಕೊನೆಗೆ ಕೆಂಪು. ಇನ್ಸುಲಿನ್ ಮೊದಲಿಗಿಂತ ಹೆಚ್ಚು ಬೇಕಾಯಿತು. "ಮಂದಿ ಅಂಗಿ ಸಲುವಾಗಿ ಮಗಳ ಜೀವಾ ಕೆಡಿಸಿದ್ನಿ," ಎಂದು ಬಂದ ಗಿರಾಕಿಗೆಲ್ಲ ಹೇಳಿದಿರಿ. ನಾಲ್ಕು ವರ್ಷ ಹೇಳಿದಿರಿ. ಎದೆನೋವು ಬಂದ ದಿನವೂ...

ಆ ಗುಳಿಗೆ ಕಹಿಯಾಗಿತ್ತು, ಅಬ್ಬಾ. ನೀವು ಲೋಟ ಇಡಲು ತಿರುಗಿದೊಡನೆ ನಾನು ಹಿತ್ತಲಿಗೆ ಹೋಗಿ ಉಗುಳುತ್ತಿದ್ದೆ. ಮೊದಲ ದಿನದಿಂದಲೂ ಒಂದನ್ನೂ ನುಂಗಲಿಲ್ಲ. ನೀಲಿ ದಿನಗಳಲ್ಲಿ ಹೇಳಿದ್ದರೆ ನಿಮ್ಮ ಗುನುಗು ನಿಲ್ಲುತ್ತಿತ್ತು. ಕೆಂಪಾದ ಮೇಲೆ, ನುಂಗಿದ್ದರೆ ಉಳಿಯುತ್ತಿತ್ತೇನೋ, ನಾನೇ ಕೆಡಿಸಿಕೊಂಡೆನೇನೋ ಎಂಬ ಭಯ ನಾಲಿಗೆಯನ್ನು ಕಟ್ಟಿಹಾಕಿತು.

ಮೊನ್ನೆ ಒಬ್ಬಳೇ ಬಸ್ಸು ಹತ್ತಿ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು: "ಈ ಬ್ಯಾನಿ ಶುರುವಾದ ಹೊಸದಾಗ ಕೆಲವು ಮಕ್ಕಳಿಗೆ ನಾಕಾರು ತಿಂಗಳು ಸಕ್ಕರಿ ತಾನ ಇಳಿತೈತವಾ. ಆಮ್ಯಾಲ ತಾನ ಏರ್ತೈತಿ. ಗುಳಿಗಿ ತರದಿದ್ದಕ್ಕ ಕೆಡಲಿಲ್ಲ. ನಿಮ್ಮ ಅಬ್ಬಾಂದು ಏನೂ ತಪ್ಪಿಲ್ಲ."

ಕೇಳಿದಿರಾ, ಅಬ್ಬಾ? ನಿಮ್ಮ ಕೈಯಿಂದ ಏನೂ ಕೆಟ್ಟಿರಲಿಲ್ಲ. ನೀವು ನಿಮ್ಮನ್ನೇ ಬೈದುಕೊಳ್ಳುತ್ತಿದ್ದಾಗ ನಾನು ಪಕ್ಕದಲ್ಲೇ ಕೂತು ಗುಂಡಿ ಹಚ್ಚುತ್ತಿದ್ದೆ, ಬಾಯಿ ಬಿಡಲಿಲ್ಲ. ಆದ ತಪ್ಪು ಅದೊಂದೇ, ಅದು ನನ್ನದು.

ನಿಮ್ಮ ಮಗಳು